ಸಾಹೇಬ್ರು ವಿಸಿದಾಗ ಹಾರ್ರಿ

ನಮ್ಮ ಸೀಮೆಯ ಒಂದು ಸರ್ಕಾರಿ ಕಚೇರಿ. ಯಾವುದೆಂದು ಹೇಳುವುದಿಲ್ಲ, ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಬಚಾವಾಗಿಬಿಡುತ್ತವೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕಾಡಂಚಿನ ಊರಿಂದ ಬಂದ ಮುತ್ಯಾ ಒಬ್ಬ ಕೂತಿದ್ದ. ಕಾಲ ಬುಡದಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ. ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡು, ಪಾಸ್‌ಬುಕ್ಕು, ಎರಡು ರೊಟ್ಟಿ. ಮೂರು ತಿಂಗಳಿಂದ ಪಗಾರ ಬಂದಿಲ್ಲ. ವೃದ್ಧಾಪ್ಯ ವೇತನಕ್ಕೆ ನಮ್ಮ ಕಡೆ ಪಗಾರವೆಂದೇ ಹೆಸರು. ಅಟೆಂಡರ್ ಗಂಟೆಗೊಮ್ಮೆ ಹೊರಗೆ ಬಂದು ಅದೇ ಮಾತು ಹೇಳುತ್ತಿದ್ದ: "ಸಾಹೇಬ್ರು ವಿಸಿದಾಗ ಹಾರ್ರಿ."

ಮೂರನೇ ಸಲ ಕೇಳಿದ ಮೇಲೆ ಮುತ್ಯಾ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ: "ವಿಸಿ ಅಂದ್ರ ಯಾವ ಊರ್ರಿ? ಅಲ್ಲಿಗಿ ಬಸ್ ಹೋಗ್ತದೇನ್ರಿ?"

ಸಾಹೇಬರು ಇದ್ದದ್ದು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಒಂದು ಪರದೆಯ ಮುಂದೆ. ವಿಸಿ ಎಂದರೆ ವಿಡಿಯೊ ಕಾನ್ಫರೆನ್ಸ್. ಇದನ್ನು ಅವನಿಗೆ ಹೇಗೆ ತಿಳಿಸಿ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಊಟದ ಹೊತ್ತಾಯಿತು.

ಇಂಟರ್ನೆಟ್ ಕರೆ ಬಂದ ಮೇಲೆ ದೂರ ಎನ್ನುವುದೇ ಇಲ್ಲವಾಯಿತು ಎಂಬ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇವೆ. ಸೇಡಂನವನೂ ಸಿಯಾಟಲ್‌ನವನೂ ಒಂದೇ ಪರದೆಯಲ್ಲಿ, ಅದೂ ಫುಕಟ್. ಸ್ಕೈಪ್ ಹೇಳಿತು, ವಾಟ್ಸಾಪ್ ಹೇಳಿತು, ಝೂಮ್ ಹೇಳಿತು, ಟೀಮ್ಸ್ ಹೇಳಿತು. ಅವರ ಹಿಂದೆ ಮಂತ್ರಿಗಳು ಹೇಳಿದರು, ಅಧಿಕಾರಿಗಳು ಹೇಳಿದರು, ಪತ್ರಿಕೆಯವರಾದ ನಾವೂ ಹೇಳಿದೆವು. ಈ ಮಾತಿನಷ್ಟು ಸಲೀಸಾಗಿ ಗಂಟಲಲ್ಲಿ ಇಳಿದ ಸುಳ್ಳು ಇನ್ನೊಂದಿಲ್ಲ.

ಮೊದಲು ಆ ಬಾಗಿಲಿನ ವಿಷಯ. ಮೂವತ್ತು ವರ್ಷಗಳ ಕೆಳಗೆ ಇದೇ ಬೆಂಚಿನ ಮೇಲೆ ಕೂತವರಿಗೆ ಸಿಗುತ್ತಿದ್ದ ಉತ್ತರ "ಸಾಹೇಬ್ರು ಕ್ಯಾಂಪಿಗಿ ಹೋಗ್ಯಾರ" ಎಂದು. ಅದರಲ್ಲೂ ಕಳ್ಳತನವಿತ್ತು, ಗೊತ್ತು. ಆದರೆ ಕ್ಯಾಂಪ್ ಎಂದರೆ ಯಾವುದೋ ಒಂದು ಹಳ್ಳಿಯಾಗಿತ್ತು. ಜೀಪು ಕೆಟ್ಟ ರಸ್ತೆಯಲ್ಲಿ ಕುಲುಕಿದರೆ ರಸ್ತೆ ಕೆಟ್ಟಿದೆ ಎಂಬುದು ಸಾಹೇಬರ ಸೊಂಟಕ್ಕೆ ಗೊತ್ತಾಗುತ್ತಿತ್ತು. ಈಗ? ಬೆಂಗಳೂರಿನವರು ಕಲಬುರಗಿಯವರನ್ನು ಕರೆಯುತ್ತಾರೆ, ಕಲಬುರಗಿಯವರು ತಾಲ್ಲೂಕಿನವರನ್ನು ಕರೆಯುತ್ತಾರೆ, ತಾಲ್ಲೂಕಿನವರು ಪಂಚಾಯಿತಿಯವರನ್ನು ಕರೆಯುತ್ತಾರೆ. ಎಲ್ಲರೂ ಪರದೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ ಪ್ರಗತಿ ಪರಿಶೀಲಿಸುತ್ತಾರೆ. ಮೈಕು ಬಂದ್ ಮಾಡಿಕೊಂಡು, ಕ್ಯಾಮೆರಾವನ್ನು ಗೋಡೆಗೆ ತಿರುಗಿಸಿಕೊಂಡು, ಕೆಳಗೆ ಕೈಯಲ್ಲಿ ಇನ್ನೊಂದು ಮೊಬೈಲ್ ಹಿಡಿದುಕೊಂಡು. ಜನ ಎಂಬ ಪ್ರಾಣಿ ಈ ಸಾಲಿನಲ್ಲಿ ಎಲ್ಲೂ ಬರುವುದಿಲ್ಲ. ಸರ್ಕಾರ ಸರ್ಕಾರದ ಜೊತೆ ಮಾತಾಡಲು ಇಷ್ಟು ಅನುಕೂಲ ಹಿಂದೆಂದೂ ಇರಲಿಲ್ಲ. ಜನರಿಗೆ ಸರ್ಕಾರದ ಜೊತೆ ಮಾತಾಡಲು ಇಷ್ಟು ಅಡ್ಡಿಯೂ ಹಿಂದೆಂದೂ ಇರಲಿಲ್ಲ.

ವಿಸಿ ನಡೆಸುವ ಈ ತಂತ್ರಾಂಶಗಳಿಗೆ ಕಂಪನಿಗಳು ಇಟ್ಟ ಹೆಸರು 'ಯೂನಿಫೈಡ್ ಕಮ್ಯುನಿಕೇಷನ್ಸ್'. ಕನ್ನಡದಲ್ಲಿ ಏಕೀಕೃತ ಸಂವಹನ ಅನ್ನಬಹುದು. ಏಕೀಕರಣ ಎಂಬ ಮಾತನ್ನು ನಮ್ಮ ಕಲಬುರಗಿ ಭಾಗದವರ ಮುಂದೆ ಆಡುವಾಗ ಸ್ವಲ್ಪ ಜೋಪಾನವಾಗಿರಬೇಕು. 1956ರಲ್ಲಿ ನಾವೂ ಏಕೀಕರಣಗೊಂಡವರೇ. ಕನ್ನಡಕ್ಕೆ ಕವಿರಾಜಮಾರ್ಗ ಕೊಟ್ಟ ಮಳಖೇಡ ಸೇಡಂ ತಾಲ್ಲೂಕಿನಲ್ಲೇ ಇದೆ ಎಂದು ಹೆಮ್ಮೆಯಿಂದ ಬಂದವರು. ಆದದ್ದೇನು? 2002ರಲ್ಲಿ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಅದರಲ್ಲಿದ್ದವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಕೈಗೆ ಬರುವ ಹೊತ್ತಿಗೆ 2013 ಆಗಿತ್ತು. ಒಂದಾಗಿದ್ದೇವೆ ಎಂದು ಕಾಗದದಲ್ಲಿ ಬರೆಯುವುದಕ್ಕೂ ಒಂದಾಗುವುದಕ್ಕೂ ನಡುವೆ ಎಷ್ಟು ದೊಡ್ಡ ಹೊಲ ಬಿದ್ದಿರುತ್ತದೆಂದು ನಮಗೆ ಯಾವ ಕಂಪನಿಯೂ ಕಲಿಸಬೇಕಿಲ್ಲ.

ಇನ್ನು ಫುಕಟ್ ಎಂಬ ಮಾತು. ಯಾವ ಮಹಾನುಭಾವ ಇದನ್ನು ಮೊದಲು ಆಡಿದನೋ! ಕರೆಗೆ ಕಾಸಿಲ್ಲ, ನಿಜ, ಡೇಟಾಕ್ಕೆ? ಅದನ್ನು ಹಾಕಿಸಿಕೊಳ್ಳುವ ಫೋನಿಗೆ? 28 ದಿನದ ಪ್ಯಾಕು ಹಾಕಿಸುವವನಿಗೆ ವರ್ಷದಲ್ಲಿ ತಿಂಗಳು 12 ಅಲ್ಲ, 13. ಪಂಚಾಂಗದಲ್ಲಿ ಅಧಿಕ ಮಾಸ ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಬರುತ್ತದೆ; ಮೊಬೈಲ್ ಕಂಪನಿಗಳ ಪಂಚಾಂಗದಲ್ಲಿ ಪ್ರತಿ ವರ್ಷವೂ ಅಧಿಕ ಮಾಸವೇ. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಒಟ್ಟೊಟ್ಟಿಗೇ ದರ ಏರಿಸಿದವು. ಬರೀ ಮಾತಾಡಲು ಮಾತ್ರ ರೀಚಾರ್ಜ್ ಬೇಕೆಂದರೆ ಅಂಥ ಪ್ಯಾಕೇ ಇಲ್ಲದಂತಾಗಿತ್ತು. ಕೀಪ್ಯಾಡ್ ಫೋನಿನ ಅಜ್ಜಿಯೂ ತಾನು ಕಣ್ಣಿಂದ ನೋಡದ ಡೇಟಾಕ್ಕೆ ದುಡ್ಡು ಕೊಡಬೇಕಿತ್ತು. ಕೊನೆಗೆ 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ತಿದ್ದಿ, ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಪ್ಯಾಕು ಕೊಡಿ ಎಂದು ಹೇಳಬೇಕಾಯಿತು. ಮಾತಾಡುವ ಫೋನಿನಲ್ಲಿ ಮಾತಿಗೊಂದು ದರ ಇಡಿ ಎಂದು ಆದೇಶ ಹೊರಡಿಸಬೇಕಾದ ದೇಶದಲ್ಲಿ ಕುಳಿತು 'ಉಚಿತ ಕರೆ' ಎಂದು ಚಪ್ಪಾಳೆ ತಟ್ಟುತ್ತಿದ್ದೇವೆ.

ಅಷ್ಟು ಕೊಟ್ಟು ಕೊಂಡದ್ದು ಎಂಥ ಮಾಲು ಎಂದು ನೋಡಬೇಕಿದ್ದರೆ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಗೆ ಬನ್ನಿ. ಜಲಾಶಯದ ಸುತ್ತ ಗುಡ್ಡ, ಗುಡ್ಡದ ಮೇಲೆ ಕಾಡು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಕಾಡು. ಆಚೆ ತೆಲಂಗಾಣ. ಒಂದು ಸಂಜೆ ಏರಿಯ ಮೇಲೆ ನಿಂತಿದ್ದೆ. ಲಂಬಾಣಿ ಹೆಣ್ಣುಮಗಳೊಬ್ಬಳು, ಅರವತ್ತು ದಾಟಿದವಳು, ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದಳು. ಕುಪ್ಪಸದೊಳಗಿಂದ ಕವರಿನಲ್ಲಿ ಸುತ್ತಿದ ಮೊಬೈಲ್ ತೆಗೆದು ಆಕಾಶಕ್ಕೆ ಹಿಡಿದಳು. ಮಗ ಪುಣೆಗೆ ಗುಳೆ ಹೋದವನು, ಕಟ್ಟಡದ ಕೆಲಸ. ವಿಡಿಯೊ ಕರೆ ಬಂತು. ಪರದೆಯಲ್ಲಿ ಒಂದು ಹೆಲ್ಮೆಟ್ಟು, ಅರ್ಧ ಮುಖ. "ಯಾಡೀ" ಅಂದ, ಅವರ ಮಾತಿನಲ್ಲಿ ಅವ್ವಾ ಎಂದು. ಮುಂದಿನ ಮಾತು ಚೂರುಚೂರಾಗಿ ಬಂತು, ಬಾಯಿ ತೆರೆದ ಮುಖ ಹಾಗೇ ನಿಂತುಬಿಟ್ಟಿತು, ಮೇಲೆ ಒಂದು ಸುತ್ತುವ ಗುಂಡು. ಆಕೆ ನಿಂತ ಮುಖವನ್ನೇ ನೋಡುತ್ತಾ ಮಾತಾಡುತ್ತಲೇ ಇದ್ದಳು. ಆಕಳು ಈದದ್ದು, ಸೊಸೆಗೆ ಜ್ವರ ಬಂದದ್ದು, ಎಲ್ಲ. ಕರೆ ಕಡಿದು ಎಷ್ಟೋ ಹೊತ್ತಾಗಿತ್ತು. ಹೇಳಲು ನನಗೆ ಬಾಯಿ ಬರಲಿಲ್ಲ.

ಹೀಗಾಗುವುದು ಯಾಕೆ? ಮಾಮೂಲಿ ಮೊಬೈಲ್ ಕರೆ ಹೋಗುವಾಗ ಜಾಲದೊಳಗೆ ಅದಕ್ಕೊಂದು ಸೀಟು ಮೀಸಲಿರುತ್ತದೆ. 4ಜಿಯಲ್ಲಿ ವೋಲ್ಟೆ ಎಂಬ ಹೆಸರಲ್ಲಿ ಹೋಗುವ ಕರೆಗೂ ಆ ಮೀಸಲಾತಿ ಉಂಟು. ಆ್ಯಪಿನ ಕರೆಗೆ ಮೀಸಲು ಎಂಬುದಿಲ್ಲ. ಮಾತನ್ನು ಸೆಕೆಂಡಿಗೆ ಸುಮಾರು 50 ತುಂಡು ಮಾಡಿ, ಒಂದೊಂದು ತುಂಡನ್ನೂ ಜನರಲ್ ಬೋಗಿಗೆ ತಳ್ಳುತ್ತಾರೆ. ಅಲ್ಲಿ ಪಕ್ಕದವನ ರೀಲ್ಸು, ಸಿನಿಮಾ, ಕ್ರಿಕೆಟ್ಟು ಎಲ್ಲವೂ ತುಂಬಿಕೊಂಡಿರುತ್ತವೆ. ವಾಡಿ ಜಂಕ್ಷನ್ನಿನಲ್ಲಿ ಉದ್ಯಾನ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಡವಾದ ತುಂಡನ್ನು ಎಸೆದುಬಿಡುತ್ತಾರೆ. ಟವರ್ ಹತ್ತಿರವಿರುವ ಬೆಂಗಳೂರಿನವನಿಗೆ ಒಂದೆರಡು ತುಂಡು ಕಳೆದರೆ ಗೊತ್ತಾಗುವುದಿಲ್ಲ. ಗುಡ್ಡದ ಮರೆಯಲ್ಲಿರುವವಳಿಗೆ ಉಳಿಯುವುದೇ ಒಂದೆರಡು ತುಂಡು.

ಇನ್ನೊಂದು ಮಾತು ನನಗೆ ಆ ಸಂಜೆಯೇ ಹೊಳೆದದ್ದು. ಹಳೆಯ ಫೋನು ಓದಲು ಬರದವರ ಜೊತೆ ಸದ್ದಿನಲ್ಲಿ ಮಾತಾಡುತ್ತಿತ್ತು. ಎತ್ತಿದರೆ ಗುಂಯ್ ಎಂಬ ಡಯಲ್ ಟೋನು: ಲೈನಿದೆ. ಟ್ರಿಣ್ ಟ್ರಿಣ್: ಅತ್ತ ಗಂಟೆ ಬಾರಿಸುತ್ತಿದೆ. ಟೂಂ ಟೂಂ ಟೂಂ: ಎಂಗೇಜು. ಕಡಿದರೆ ಕಡಿದ ಸದ್ದೇ ಬೇರೆ. ಆ್ಯಪು ಮುಖ್ಯವಾದದ್ದನ್ನೆಲ್ಲ ಅಕ್ಷರದಲ್ಲಿ ಹೇಳುತ್ತದೆ: 'ರೀಕನೆಕ್ಟಿಂಗ್', 'ಕಾಲಿಂಗ್', 'ರಿಂಗಿಂಗ್'. ಕೊನೆಯ ಎರಡಕ್ಕೂ ನಡುವಿನ ವ್ಯತ್ಯಾಸ ಓದಿದವರಿಗೂ ತಿಳಿಯದು. ಸೆಟ್ಟಿಂಗ್ಸಿನೊಳಗೆ ಕನ್ನಡವಿದೆ ಎಂದು ಬೀಗುವವರಿದ್ದಾರೆ. ಅಕ್ಷರವೇ ಬಾರದವಳಿಗೆ ಇಂಗ್ಲಿಷಾದರೇನು, ಕನ್ನಡವಾದರೇನು? ನಮಗಿಂತ ಬುದ್ಧಿವಂತರು ತಂತ್ರಾಂಶದ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ, ನೂರು ವರ್ಷ ಚಾಲ್ತಿಯಲ್ಲಿದ್ದ ಒಂದು ಭಾಷೆಯನ್ನೇ ಒಡೆದುಹಾಕಿದರು. ಯಾರೂ ಹಾಡಿ ಅಳಲಿಲ್ಲ.

ಜೀವ ಹೋಗುವ ಪ್ರಸಂಗಕ್ಕೆ ಬರೋಣ. ತೊಗರಿ ಕೊಯ್ಲಿನಲ್ಲಿ ಹಾವು ಕಚ್ಚಿತು. ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ರಾಜ್ಯ ಸರ್ಕಾರ 2024ರಲ್ಲಿ ಘೋಷಿಸಿತು, ಅಂದರೆ ಇದು ಸಣ್ಣ ಸಂಗತಿಯಲ್ಲ ಎಂದು ಅದಕ್ಕೂ ಗೊತ್ತು. ಆಗ ಯಾವ ಆ್ಯಪಿನಿಂದ 108 ಒತ್ತುತ್ತೀರಿ? 112 ಒತ್ತುತ್ತೀರಿ? ತುರ್ತು ಸೇವೆಗೆ ನಮ್ಮಿಂದ ಕರೆ ಹೋಗದು ಎಂದು ವಾಟ್ಸಾಪ್ ತನ್ನ ಷರತ್ತುಗಳಲ್ಲೇ ಬರೆದುಕೊಂಡಿದೆ. ಸ್ಕೈಪ್ ಕೂಡ ತಾನು ಫೋನಿಗೆ ಬದಲಿಯಲ್ಲ ಎಂದೇ ಹೇಳಿತ್ತು. ಜಾಹೀರಾತಿನಲ್ಲಿ ಎಲ್ಲರ ಬಂಧು, ಷರತ್ತಿನಲ್ಲಿ ಯಾರ ನೆಂಟನೂ ಅಲ್ಲ.

ಅದೇ ವಾಡಿಯ ರೈಲ್ವೆಯವರನ್ನು ನೋಡಿ. ಸಿಗ್ನಲ್ಲಿಗೆ ಜೋಡಿಸದ ಲೆವೆಲ್ ಕ್ರಾಸಿಂಗಿನ ಗೇಟ್‌ಮನ್ ಗೇಟು ಹಾಕಿದೆನೆಂದು ಸ್ಟೇಷನ್ ಮಾಸ್ತರರಿಗೆ ಇಂದಿಗೂ ಫೋನಿನಲ್ಲೇ ಹೇಳುತ್ತಾನೆ. ಗೇಟಿಗೂ ಸ್ಟೇಷನ್ನಿಗೂ ಅದಕ್ಕೆಂದೇ ಬೇರೆ ಲೈನು. ಹೇಳಿದ ಗುರುತಿಗೆ ಇಬ್ಬರೂ 'ಪ್ರೈವೇಟ್ ನಂಬರ್' ವಿನಿಮಯ ಮಾಡಿಕೊಂಡು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಅದನ್ನು ವಾಟ್ಸಾಪ್ ಗುಂಪಿಗೆ ಒಪ್ಪಿಸೋಣ, ಫುಕಟ್ ಆಗುತ್ತದೆ ಎಂದು ಯಾವ ವಿಭಾಗೀಯ ರೈಲ್ವೆ ಮ್ಯಾನೇಜರ್ ಆದರೂ ಹೇಳಿದ್ದಾರೆಯೇ? ಹೇಳರು. ಜೀವದ ಮಾತು ಹೋಗುವ ಲೈನು ಕಂಪನಿಯ ಮರ್ಜಿಯಲ್ಲಿ ಇರಬಾರದೆಂದು ರೈಲ್ವೆಗೆ ಗೊತ್ತು. ಹಾಗಾದರೆ ತಾಂಡಾದವರ ಜೀವ ಗೂಡ್ಸ್ ಗಾಡಿಗಿಂತ ಅಗ್ಗವೋ?

ಕಂಪನಿಯ ಮರ್ಜಿ ಎಂದೆ. ಸ್ಕೈಪಿನ ಕತೆಯನ್ನೇ ತೆಗೆದುಕೊಳ್ಳಿ. 2003ರಲ್ಲಿ ಹುಟ್ಟಿತು, ಸ್ವೀಡನ್ನಿನವನೊಬ್ಬ, ಡೆನ್ಮಾರ್ಕಿನವನೊಬ್ಬ ಮಾಲಿಕರು, ತಂತ್ರಾಂಶ ಬರೆದವರು ಎಸ್ಟೋನಿಯಾದ ಹುಡುಗರು. 2005ರಲ್ಲಿ ಈಬೇ ಕೊಂಡಿತು. 2011ರಲ್ಲಿ ಮೈಕ್ರೊಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಕೊಂಡಿತು. 2014ರ ನವೆಂಬರಿನಲ್ಲಿ, ಭಾರತದೊಳಗಿನ ಮೊಬೈಲಿಗೂ ಲ್ಯಾಂಡ್‌ಲೈನಿಗೂ ಭಾರತದೊಳಗಿಂದ ಸ್ಕೈಪಿನಲ್ಲಿ ಕರೆ ಮಾಡುವುದು ಬಂದ್. 2025ರ ಫೆಬ್ರುವರಿ ಕೊನೆಗೆ ಒಂದು ಪ್ರಕಟಣೆ, ಮೇ 5ಕ್ಕೆ ಪೂರಾ ಬಂದ್. ಎಲ್ಲರೂ ಟೀಮ್ಸಿಗೆ ನಡೆಯಿರಿ. ದೂರ ಕೊಂದವನೆಂದು ಹೊಗಳಿಸಿಕೊಂಡವನು 22 ವರ್ಷಕ್ಕೆ ಸತ್ತ. ದೂರ ಇನ್ನೂ ಬದುಕಿದೆ. ಅಮೆರಿಕದ ಕನ್ನಡ ಮನೆಗಳಲ್ಲಿ ಮೊಮ್ಮಕ್ಕಳ ಮುಖ ತೋರಿಸಿದ ಆ ನೀಲಿ ಗುರುತಿಗೆ ಯಾರಾದರೂ ಅತ್ತಿರಬಹುದು, ನನಗೆ ಬೇಸರವಿಲ್ಲ. ನನ್ನ ಪ್ರಶ್ನೆ ಬೇರೆ: ಕೋಟ್ಯಂತರ ಜನ ಮನೆಗೆ ಮಾತಾಡುವ ದಾರಿಯನ್ನು ಹತ್ತು ವಾರಕ್ಕೂ ಕಡಿಮೆ ನೋಟಿಸಿನಲ್ಲಿ ಮುಚ್ಚಬಹುದೆಂದರೆ ಅದು ದಾರಿಯೋ, ಯಾರದೋ ಹೊಲದ ಬದುವೋ?

ಸ್ಕೈಪು ಓದಿದವರ ಮನೆಯ ಮಾತಾಯಿತು. ಬಡವರಿಗೆ ಬಂದದ್ದು ಜಿಯೊ ಫೋನು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಕೊಟ್ಟರು. 2018ರಲ್ಲಿ ಅದಕ್ಕೆ ವಾಟ್ಸಾಪ್ ಬಂತು, ಊರೂರಲ್ಲಿ ಸುದ್ದಿಯಾಯಿತು. 2025ಕ್ಕೆ ಆ ಬಗೆಯ ಫೋನುಗಳಲ್ಲಿ ವಾಟ್ಸಾಪ್ ನಿಂತಿತು. ಗುಂಡಿ ಒತ್ತಿದರೆ ಗುಂಡಿ ಒಳಗೆ ಹೋಗುತ್ತದೆ, ಬ್ಯಾಟರಿಯಲ್ಲಿ ಚಾರ್ಜು ನಿಲ್ಲುತ್ತದೆ, ಫೋನಿಗೆ ಏನೂ ಆಗಿಲ್ಲ. ಆಗಿರುವುದು ಕಂಪನಿಯ ಮನಸ್ಸಿಗೆ.

ಇದರ ಪಕ್ಕದಲ್ಲಿ ಕಿತ್ತೂರನ್ನು ಇಡಿ. 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಸ್ಥಾಪನೆಯಾಯಿತು. ಸ್ಯಾಮ್ ಪಿತ್ರೋಡಾ ಮುಂದೆ ನಿಂತರು. ಅವರು ಮೊದಲು ಕೇಳಿಕೊಂಡ ಪ್ರಶ್ನೆ ನಗರಕ್ಕೆ ಏನು ಬೇಕು ಎಂಬುದಲ್ಲ. ಎಸಿ ಇಲ್ಲದ ಕೋಣೆಯಲ್ಲಿ, ಧೂಳಿನಲ್ಲಿ, ಕರೆಂಟು ಏರಿಳಿಯುವ ಊರಿನಲ್ಲಿ ನಡೆಯುವ ಎಕ್ಸ್‌ಚೇಂಜು ಹೇಗಿರಬೇಕು ಎಂದು ಕೇಳಿಕೊಂಡರು. 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು ಹುಟ್ಟಿತು. ಅದರ ಮೊದಲನೆಯದು 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ ಚಾಲೂ ಆಯಿತು. ಅದರ ಬೆನ್ನಿಗೆ ಬಂದವು ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು. ನಾವು ರಾತ್ರಿ 11ರ ನಂತರದ ಕಾಲು ದರಕ್ಕಾಗಿ ಸಾಲಿನಲ್ಲಿ ನಿಂತವರು. ಮುಂಬೈಯಿಂದ ಫೋನು ಬಂದರೆ ಬೂತಿನವ ಹುಡುಗನನ್ನು ಓಡಿಸಿ ಮನೆಯವರನ್ನು ಕರೆಸುತ್ತಿದ್ದ; ಬರುವವರೆಗೆ ಅತ್ತಲವನು ಇಟ್ಟು ಮತ್ತೆ ಮಾಡುತ್ತಿದ್ದ. ಅದೇನು ಸ್ವರ್ಗವಾಗಿರಲಿಲ್ಲ. ದರ ಸುಲಿಗೆಯೇ, ಲೈನು ಕೆಟ್ಟರೆ ಲೈನ್‌ಮನ್ನನ್ನು ಹುಡುಕಬೇಕು, ಅವನಿಗೆ ಚಹಾ ಕುಡಿಸಬೇಕು. ಆದರೆ ಲೈನ್‌ಮನ್ ಎಂಬ ಮನುಷ್ಯ ಇದ್ದ. ಬೈಯಲು ಒಂದು ಮುಖವಿತ್ತು. ಈಗ ಕರೆ ಕಡಿದರೆ ಯಾರ ಮನೆ ಮುಂದೆ ಕೂಗುತ್ತೀರಿ? ಟವರಿನವ ಆ್ಯಪು ಎನ್ನುತ್ತಾನೆ, ಆ್ಯಪಿನವ ನೆಟ್‌ವರ್ಕ್ ಎನ್ನುತ್ತಾನೆ, ಕಚೇರಿಯವರು ವಿಸಿಯಲ್ಲಿರುತ್ತಾರೆ.

ಹಳ್ಳಿಗೆ ಫೋನು ಮುಟ್ಟಿಸಲೆಂದೇ 2002ರಿಂದ ಟೆಲಿಕಾಂ ಕಂಪನಿಗಳ ಆದಾಯದಲ್ಲಿ ಶೇ 5ರಷ್ಟು ಕಡಿದು ನಿಧಿ ಕಟ್ಟಿದರು. ಅದರ ದೊಡ್ಡ ಪಾಲು ವರ್ಷಗಟ್ಟಲೆ ಖರ್ಚಾಗದೆ ಬಿತ್ತು. 2024ರಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರು ಬಂತು. ಹೆಸರಿಡುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೆಲಸಕ್ಕೆ 2011ರಲ್ಲಿ ಒಪ್ಪಿಗೆ, 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು, 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿ. ಈ ನಿಧಿಗೆ ಆ್ಯಪು ಕಂಪನಿಗಳು ಕೊಡುವುದೆಷ್ಟು? ಸೊನ್ನೆ. ಅವರನ್ನು ಸದ್ಯ ಯಾವ ಹೊಸ ಕಟ್ಟಳೆಗೂ ಒಳಪಡಿಸಬೇಕಿಲ್ಲ ಎಂದು 2020ರ ಸೆಪ್ಟೆಂಬರಿನಲ್ಲಿ ಟ್ರಾಯ್ ಶಿಫಾರಸು ಮಾಡಿತು. ಜಿಯೊ, ಏರ್‌ಟೆಲ್‌ನವರ ವಕಾಲತ್ತು ನನಗೆ ಬೇಕಿಲ್ಲ, ಅವರಿಗೆ ದುಬಾರಿ ವಕೀಲರಿದ್ದಾರೆ. ನಾನು ಕೇಳುವುದು ಇಷ್ಟೇ: ಮಾತಿನ ವ್ಯಾಪಾರ ಮಾಡುವವನು ಮಾತಿನ ಹೊಣೆ ಹೊರಬೇಡವೇ?

ಹೊಣೆಯಿಲ್ಲದ ಕಡೆ ಯಾರು ಮನೆ ಕಟ್ಟುತ್ತಾರೆಂದು ನೋಡಿದ್ದೇವಲ್ಲ. ಪೊಲೀಸ್ ವೇಷ ಹಾಕಿ ವಿಡಿಯೊ ಕರೆಯಲ್ಲಿ ಕೂತು 'ಡಿಜಿಟಲ್ ಅರೆಸ್ಟ್' ಮಾಡುವವರು. ನಿವೃತ್ತ ಮಾಸ್ತರರ ಗ್ರಾಚ್ಯುಟಿ ಹೊಡೆಯುವವರು. ಹೀಗೊಂದು ಅರೆಸ್ಟು ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯೇ ಹೇಳಬೇಕಾಯಿತು. ಸಾಹೇಬರನ್ನು ಪರದೆಯಲ್ಲೇ ನೋಡಿ ಅಭ್ಯಾಸವಾದ ಜನ ಪರದೆಯ ಮೇಲಿನ ಪ್ರತಿಯೊಬ್ಬ ಖಾಕಿಯನ್ನೂ ಸಾಹೇಬನೆಂದೇ ನಂಬಿದರೆ ತಪ್ಪು ಯಾರದು?

ಆದ್ದರಿಂದ ಇನ್ನು ಬೇಡಿಕೆ, ಅರ್ಜಿ ಭಾಷೆ ಬಿಟ್ಟು. ಭಾರತದಲ್ಲಿ ಕರೆಯ ಆ್ಯಪು ನಡೆಸುವ ದೊಡ್ಡ ಕಂಪನಿಗಳಿಂದ ಹಳ್ಳಿ ನಿಧಿಗೆ ಪಾಲು ವಸೂಲಾಗಲಿ. ಒಂದು ಆ್ಯಪಿನಿಂದ ಇನ್ನೊಂದಕ್ಕೆ ಸಂದೇಶ, ಕರೆ ಹೋಗಲಿ. ಬಿಎಸ್ಸೆನ್ನೆಲ್‌ನಿಂದ ಏರ್‌ಟೆಲಿಗೆ ಕರೆ ಹೋಗುವುದಿಲ್ಲವೇ? ದೊಡ್ಡ ಆ್ಯಪುಗಳು ಬೇರೆಯವರಿಗೆ ಬಾಗಿಲು ತೆರೆಯಬೇಕೆಂದು ಯುರೋಪಿನವರು 2024ರಿಂದ ಕಾನೂನು ಜಾರಿ ಮಾಡಿದ್ದಾರೆ. ನಾವೇನು ಅವರಿಗಿಂತ ಸಣ್ಣ ಗಿರಾಕಿಗಳೇ? ಸೇವೆ ಮುಚ್ಚುವುದಿದ್ದರೆ ವರ್ಷ ಮುಂಚೆ ಹೇಳಲಿ. 112 ಒತ್ತಿದರೆ ಆ್ಯಪಿನಿಂದಲೂ ಹೋಗಲಿ. ಟವರುಗಳ ಬ್ಯಾಟರಿ ಕರೆಂಟು ಹೋದಾಗ ಎಷ್ಟು ಗಂಟೆ ನಿಲ್ಲಬೇಕೆಂದು ಬರೆದು, ನಿಲ್ಲದಿದ್ದರೆ ದಂಡ ಹಾಕಿ. ಪಂಚಾಯಿತಿಗೆ ಬಂದ ಫೈಬರಿನ ತುದಿಯಲ್ಲಿ, ಬಾಗಿಲಿಗೆ ಬೀಗವಿಲ್ಲದ ಒಂದು ಮಾತಿನ ಕೋಣೆ ಮಾಡಿ; ನಡೆಸಲು ಊರಿನ ಒಬ್ಬ ಹುಡುಗಿಗೆ ಪಗಾರ ಕೊಡಿ. ಗುಳೆ ಹೋದವರ ಮನೆಯವರು ಗುಡ್ಡ ಹತ್ತುವುದು ತಪ್ಪಲಿ.

ಇದನ್ನೆಲ್ಲ ಮಾಡಿಸುವ ಸ್ಥಾನದಲ್ಲಿ ನಮ್ಮವರು ಇಲ್ಲದಿಲ್ಲ. 2023ರಲ್ಲಿ ರಾಜ್ಯದ ಐಟಿ-ಬಿಟಿ ಖಾತೆಯೂ ಗ್ರಾಮೀಣಾಭಿವೃದ್ಧಿ ಖಾತೆಯೂ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಅವರ ಕೈಗೇ ಬಂದವು. ಪರದೆಯೂ ಹಳ್ಳಿಯೂ ಒಂದೇ ಮೇಜಿನ ಮೇಲೆ! ಇಂಥ ಯೋಗ ಈ ಸೀಮೆಗೆ ಎಷ್ಟು ಸಲ ಬರುತ್ತದೆ? ದಿಲ್ಲಿಯ ಕೆಲಸ ದಿಲ್ಲಿಯಲ್ಲೇ ಆಗಬೇಕು ಎನ್ನಬಹುದು. ಒಪ್ಪಿದೆ. ಒಂದು ಕೆಲಸಕ್ಕಂತೂ ದಿಲ್ಲಿ ಬೇಡ, ಒಂದು ಸುತ್ತೋಲೆ ಸಾಕು: ಬೆಳಗ್ಗೆ 10ರಿಂದ ಮಧ್ಯಾಹ್ನ 1.30ರವರೆಗೆ ತಾಲ್ಲೂಕು ಮಟ್ಟದ ಯಾವ ಅಧಿಕಾರಿಗೂ ವಿಸಿ ಇಲ್ಲ. ಆ ಹೊತ್ತು ಬೆಂಚಿನವರದು. ವಿಸಿ ನಡೆಯುವಾಗ ಬಾಗಿಲು ತೆರೆದಿರಲಿ, ಹೊರಗೆ ಕಾದವರಲ್ಲಿ ಇಬ್ಬರನ್ನು ಒಳಗೆ ಕರೆದು ಕ್ಯಾಮೆರಾದ ಮುಂದೆ ಕೂರಿಸಿ. ಪ್ರಗತಿ ಎಷ್ಟಾಗಿದೆ ಎಂದು ಬೆಂಗಳೂರಿನವರು ಅವರನ್ನೇ ಕೇಳಲಿ.

ಅಷ್ಟೂ ಆಗದು ಎನ್ನುವುದಾದರೆ ಕೆಕೆಆರ್‌ಟಿಸಿಯವರಿಗೆ ಹೇಳಿ, ಚಿಂಚೋಳಿಯಿಂದ ವಿಸಿಗೆ ದಿನಕ್ಕೊಂದು ಬಸ್ಸು ಬಿಡಿಸಿ. ಮುತ್ಯಾ ಟಿಕೀಟಿನ ದುಡ್ಡು ಇಟ್ಟುಕೊಂಡೇ ಕೂತಿದ್ದಾನೆ.